ಬಾಗಿಲು ಹಾಕಿದ ಖಾನಾವಳಿಗೆ ಐದು ಸ್ಟಾರ್

ಕೋವಿಡ್ ಅಡಗಿದ ಮರುವರ್ಷ. ನನ್ನ ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಸೇಡಂನಲ್ಲಿದ್ದುಕೊಂಡು ಸುತ್ತಲಿನ ತಾಲೂಕುಗಳ ಸಣ್ಣ ವ್ಯಾಪಾರಿಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಆ ವರ್ಷ ಲೊಕೇಶನ್ ಆ್ಯಪ್ ಕಲಿಸಬೇಕೆಂದು ಆದೇಶ ಬಂತು. ಅಂಗಡಿಯ ಜಾಗ, ಫೋಟೊ, ತೆರೆಯುವ ವೇಳೆ ಹಾಕಿದರೆ ಹತ್ತಿರ ಬಂದವರ ಮೊಬೈಲಿನಲ್ಲಿ ಆ ಅಂಗಡಿ ಕಾಣುತ್ತದೆ. ಬಂದು ಹೋದವರು ಒಂದರಿಂದ ಐದರವರೆಗೆ ಸ್ಟಾರ್ ಕೊಟ್ಟು ಎರಡು ಮಾತು ಬರೆಯುತ್ತಾರೆ. ನಾನೇ ಅದನ್ನು ಕಲಿತು ಒಂದು ವಾರವಾಗಿತ್ತು. ಕ್ಲಾಸಿನಲ್ಲಿ ಮಾತ್ರ ಹುಟ್ಟಿನಿಂದ ಬಲ್ಲವನ ಗತ್ತು.

ವಾಡಿಯಿಂದ ಸನ್ನತಿ ಕಡೆ ಹೋಗುವ ರಸ್ತೆಯಲ್ಲಿ ಶರಣಮ್ಮನವರ ಜೋಳದ ರೊಟ್ಟಿ ಖಾನಾವಳಿ. ಅವರು, ರೊಟ್ಟಿ ಬಡಿಯುವ ಇಬ್ಬರು ಹೆಂಗಸರು, ನಾಲ್ಕು ಬೆಂಚು, ಅಷ್ಟೇ. ರಸ್ತೆಯ ಎದುರಿಗೆ ಇನ್ನೊಂದು ಖಾನಾವಳಿಯೂ ಇತ್ತು. ಗಿರಾಕಿ ಇಲ್ಲದ್ದನ್ನು ಕಂಡ ಜಾಗದ ಮಾಲೀಕ, ದೀಪಾವಳಿಯ ತನಕ ನೋಡಿ ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದ. ಮೂವರ ಅನ್ನದ ಪ್ರಶ್ನೆ. ನಾನೇ ಶರಣಮ್ಮನವರ ಮೊಬೈಲ್ ಇಸಿದುಕೊಂಡು ಎಲ್ಲ ತುಂಬಿದೆ. ವೇಳೆ: ವಾರದ ಏಳೂ ದಿನ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕು.

ಜನ ಬರತೊಡಗಿದರು. ಆದರೆ ನಾಲ್ಕೈದು ತಿಂಗಳಲ್ಲಿ ಸ್ಟಾರ್ ಇಳಿಯಿತು. ಉಂಡವರೆಲ್ಲ ಹೊಗಳಿದ್ದರು. ಒಂದು ಸ್ಟಾರ್ ಕೊಟ್ಟವರೆಲ್ಲ ಬರೆದಿದ್ದು ಒಂದೇ ಮಾತು: ಬಂದ್ ಇತ್ತು. ಎದುರಿನ ಖಾನಾವಳಿಯವನದೇ ಕಿತಾಪತಿ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟು ವಾಡಿಗೆ ಬಸ್ ಹತ್ತಿದೆ.

"ದಿನಾ ತೆರೀತೀವಲ್ರಿ ಸರ್," ಎಂದರು ಶರಣಮ್ಮ, ನೊಂದುಕೊಂಡು.

ನನಗೆ ಕುತೂಹಲ ತಡೆಯಲಿಲ್ಲ. ದೂರು ಬಂದ ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಒಂದೊಂದಾಗಿ ಹುಡುಕಿದೆ. ಒಂದೂ ತಪ್ಪದೆ ಎಲ್ಲವೂ ಕಪ್ಪು ಚುಕ್ಕೆಯ ಮೇಲಿದ್ದವು.

"ಅಮಾಸಿಗೆ ಬಂದ್ ಇಡ್ತೀರೇನ್ರಿ?"

"ಅಮಾಸಿ ಅಂದ್ರ ಬಂದೇ ಅಲ್ರಿ. ಅದನ್ನೂ ಹೇಳಬೇಕೇನ್ರಿ?"

ನಾಚಿಕೆಯಾಯಿತು. ಅಮಾವಾಸ್ಯೆಗೆ ಬಾಗಿಲು ಹಾಕುವ ಅಂಗಡಿಗಳ ನಡುವೆಯೇ ಬೆಳೆದವನು ನಾನು. ಆ್ಯಪಿಗೆ ಗೊತ್ತಿದ್ದದ್ದು ವಾರ ಮಾತ್ರ, ತಿಥಿಯಲ್ಲ. ಗೊತ್ತಿದ್ದ ನಾನು ಕೇಳಿರಲಿಲ್ಲ. ಸನ್ನತಿಯ ದೇವಿಯ ದರ್ಶನಕ್ಕೆ ಹೋಗುವ ಗಾಡಿಗಳು ಆ ರಸ್ತೆಯಲ್ಲಿ ಹೆಚ್ಚು ಓಡಾಡುವುದೂ ಅದೇ ದಿನ. ಹಾಗಾದರೆ ಅವತ್ತೂ ತೆರೆಯಿರಿ ಎಂದೆ.

"ಆಗಂಗಿಲ್ರಿ ಸರ್. ರೊಟ್ಟಿ ಬಡದು ಬಡದು ಈ ಹೆಣ್ಮಕ್ಕಳ ರಟ್ಟಿ ಬಿದ್ದು ಹೋಗ್ತಾವ. ತಿಂಗಳಿಗೆ ಅದೊಂದೇ ದಿನ ರಜಾ."

ಆ ಮಾತು ಅಲ್ಲಿಗೇ ಬಿಟ್ಟೆ. ರಜೆಯ ದಿನಾಂಕವನ್ನು ತಿಂಗಳು ತಿಂಗಳು ಕೈಯಾರೆ ಹಾಕುವುದನ್ನು ಕಲಿಸಿಕೊಟ್ಟು ಬಂದೆ. ಮುಂದಿನ ಅಮಾವಾಸ್ಯೆಗೆ ಅವರೇ ಒಂದು ಫೋಟೊ ಹಾಕಿದರು: ಮುಚ್ಚಿದ ಬಾಗಿಲು, ಪಕ್ಕದಲ್ಲಿ ನೀರಿನ ಮಣ್ಣಿನ ಕೊಡ, ಒಂದು ಬೆಂಚು. ಕೆಳಗೆ, "ಇವತ್ತ ಅಮಾಸಿ, ಬಂದ್ ಅದ. ನೀರು ಕುಡದು ದಣಿವಾರಿಸಿಕೋರಿ. ಊಟಕ್ಕ ಎದುರಿನ ಖಾನಾವಳಿಗೆ ಹೋಗ್ರಿ, ಪುಂಡಿಪಲ್ಯ ಭಾಳ ಚಲೋ ಇರ್ತದ."

ಅದನ್ನು ನೋಡಿದೆ. ಕೂಡಲೇ ಫೋನ್ ಮಾಡಿ, ಗಿರಾಕಿಯನ್ನು ಕೈಯಾರೆ ಎದುರಿನವನಿಗೆ ಒಪ್ಪಿಸುವುದೇ ಎಂದು ರೇಗಿದೆ.

"ಹಸಿದು ಬಂದೋರು ಸಿಟ್ಟಿಲೆ ಹೋಗಬಾರದ್ರಿ," ಎಂದಷ್ಟೇ ಹೇಳಿದರು.

ಸಂಜೆಗೆ ಅಪರಿಚಿತರೊಬ್ಬರ ಐದು ಸ್ಟಾರ್ ಬಂದಿತ್ತು: "ಇಲ್ಲಿ ಇನ್ನೂ ಉಂಡಿಲ್ಲ. ನೀರು ತಣ್ಣಗಿತ್ತು. ಭಾನುವಾರ ಬರುತ್ತೇವೆ." ಇಂಥದ್ದಕ್ಕೆ ನನ್ನ ತರಬೇತಿಯ ಪುಸ್ತಕದಲ್ಲಿ ಯಾವ ಪಾಠವೂ ಇರಲಿಲ್ಲ.

ದೀಪಾವಳಿ ಬಂತು. ಕೊನೆಯ ಮಾತು ಹೇಳಲು ಮಾಲೀಕ ಬಂದದ್ದು ಸರಿಯಾಗಿ ಅಮಾವಾಸ್ಯೆಯಂದೇ. ಬಾಗಿಲು ಹಾಕಿತ್ತು. ಬೆಂಚಿನ ಮೇಲೆ ಕಲಬುರಗಿಯ ಒಂದು ಕುಟುಂಬ ಕೂತು ನೀರು ಕುಡಿಯುತ್ತಿತ್ತು. ಅವರು ಇವನನ್ನೇ ಖಾನಾವಳಿಯವನೆಂದು ತಿಳಿದು, ಹಬ್ಬ ಮುಗಿದ ಮೇಲೆ ತೆರೆಯುತ್ತೀರೇನು ಎಂದು ಕೇಳಿದರಂತೆ. ಎದುರಿನ ಖಾನಾವಳಿಯವನು ಅದನ್ನು ಕಿವಿಯಾರೆ ಕೇಳಿ ಶರಣಮ್ಮನವರಿಗೆ ಹೇಳಿದ. ಅವರು ಕೂಡಲೇ ನನಗೆ ಫೋನ್ ಮಾಡಿದರು.

ಮಾಲೀಕ ಮುಚ್ಚಿದ ಬಾಗಿಲನ್ನೊಮ್ಮೆ, ಅವರನ್ನೊಮ್ಮೆ ನೋಡಿ, "ತೆರೀತಾರ, ಬರ್ರಿ" ಅಂದನಂತೆ.

ಆಮೇಲೆ ನಿವೃತ್ತಿಯಾಗುವ ತನಕ, ಎಷ್ಟು ಹೊತ್ತಿಗೆ ತೆರೆಯುತ್ತೀರಿ ಎಂದು ನಾನು ಯಾವ ವ್ಯಾಪಾರಿಯನ್ನೂ ಮೊದಲು ಕೇಳಲಿಲ್ಲ. ಯಾವತ್ತು ಮುಚ್ಚುತ್ತೀರಿ, ಯಾರಿಗಾಗಿ ಮುಚ್ಚುತ್ತೀರಿ ಎಂದು ಕೇಳಿ, ಆಮೇಲೆ ಮೊಬೈಲ್ ಇಸಿದುಕೊಳ್ಳುತ್ತಿದ್ದೆ.