ಕೊಂಬಣ್ಣನಿಗೆ ಹಬ್ಬದ ಬಿಡುವು

ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ದಾರಿಯ ಹಳ್ಳಿಗಳಲ್ಲಿ ಬರೀ ಮುನಿವೆಂಕಟಪ್ಪ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೊಂಬು ಹೆರೆಯುವ ಮುನಿವೆಂಕಟಪ್ಪ ಎನ್ನಬೇಕಿತ್ತು. ಎತ್ತಿನ ಕೊಂಬನ್ನು ಗಾಜಿನ ಚೂರಿನಿಂದ ಹೆರೆದು, ಎಣ್ಣೆ ಹಚ್ಚಿ ತಿಕ್ಕಿ, ಮಿರಮಿರ ಮಿಂಚಿಸುವುದು ಅವನ ಕಸುಬು. ಘಾಟಿಯ ದನದ ಜಾತ್ರೆಗೆ ಹೊರಟ ಜೋಡಿ ಎಷ್ಟೇ ಜಂಬದ್ದಾಗಿರಲಿ, ಮೊದಲು ಅವನ ಮುಂದೆ ತಲೆ ತಗ್ಗಿಸಬೇಕಿತ್ತು. ವಿಮಾನ ನಿಲ್ದಾಣ ಬಂತು, ಹೊಲಗಳೆಲ್ಲ ಸೈಟುಗಳಾದವು. ಸೈಟಿನಲ್ಲಿ ಎತ್ತು ಕಟ್ಟುವವರು ಯಾರು? ಕಸುಬು ಮೊಂಡಾಯಿತು, ನಾಲಿಗೆ ಮಾತ್ರ ಹರಿತವಾಗಿಯೇ ಉಳಿಯಿತು. ಅದು ಹೆಚ್ಚಾಗಿ ಮಗನ ಮೇಲೆಯೇ ಖರ್ಚಾಗುತ್ತಿತ್ತು.

ಮಗ ರವಿಚಂದ್ರನಿಗೆ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮನೆಯಲ್ಲಿದ್ದಷ್ಟು ಹೊತ್ತೂ ಕಂಪ್ಯೂಟರ್ ಮುಂದೆ. ಅವನದೊಂದು ಆಟ: ಭೂಮಿಯಿಂದ ಎಂದೋ ಅಳಿದುಹೋದ ಪ್ರಾಣಿಗಳಿಗೆ ಬೇಲಿ ಹಾಕಿ, ಮೇವು ನೀರು ಇಟ್ಟು ಸಾಕುವುದು, ಜನ ಬಂದು ನೋಡಿಕೊಂಡು ಹೋಗುವುದು. “ಇರೋ ದನ ಮಾರಿದ್ದಾಯ್ತು, ಇಲ್ಲದ ದನ ಮೇಯಿಸ್ತಾ ಕೂತವ್ನೆ ನೋಡು,” ಎಂದು ಮುನಿವೆಂಕಟಪ್ಪ ಹೆಂಡತಿ ಅಮ್ಮಯಮ್ಮನಿಗೆ ಹೇಳುವ ನೆಪದಲ್ಲಿ ಮಗನಿಗೆ ಚುಚ್ಚುತ್ತಿದ್ದ. ಮಗ ನಕ್ಕು ಮತ್ತೆ ಪರದೆಗೆ ತಿರುಗುತ್ತಿದ್ದ. ಆ ನಗು ಕಂಡರೆ ಅಪ್ಪನಿಗೆ ಇನ್ನಷ್ಟು ಉರಿ.

ಆಷಾಢದ ಒಂದು ಬೆಳಗ್ಗೆ ಪಾಳಿಗೆ ಹೊರಟಿದ್ದ ರವಿಚಂದ್ರನ ಬೈಕಿಗೆ ಜಲ್ಲಿ ಲಾರಿ ಗುದ್ದಿತು. ಇಪ್ಪತ್ತಾರು ವರ್ಷದ ಹುಡುಗ, ಆಸ್ಪತ್ರೆ ಮುಟ್ಟಲಿಲ್ಲ. ಅಮ್ಮಯಮ್ಮ ಆಮೇಲೆ ಮಗನ ಕೋಣೆಯ ಹೊಸ್ತಿಲು ತುಳಿಯಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ, ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದ ಮಗಳು ದಿವ್ಯ ಒಂದು ಸಂಜೆ ಆ ಕೋಣೆಯ ಕಂಪ್ಯೂಟರ್ ಹಾಕಿದಳು. “ಬಾಪ್ಪಾ, ಅಣ್ಣ ಸಾಕಿದ್ದು ನೋಡು.” ಪರದೆಯ ಮೇಲೆ ಹೋರಿಗಿಂತ ಎತ್ತರದ ಜಿಂಕೆಯೊಂದು ನಿಂತಿತ್ತು. ಕೊಂಬು ಆ ತುದಿಯಿಂದ ಈ ತುದಿಗೆ ಎರಡಾಳುದ್ದ, ಮೊರದಷ್ಟು ಅಗಲ, ಅಂಚಿನ ತುಂಬ ಕವಲು. ನಲವತ್ತು ವರ್ಷ ಕೊಂಬು ಹಿಡಿದ ಕೈ ತಾನಾಗಿಯೇ ಮುಂದೆ ಚಾಚಿತು.

“ಏಳೆಂಟು ಸಾವಿರ ವರ್ಷದ ಹಿಂದೇನೇ ಇದರ ವಂಶ ಮುಗೀತಂತೆ. ಅಣ್ಣ ಇದಕ್ಕೆ ಕೊಂಬಣ್ಣ ಅಂತ ಹೆಸರಿಟ್ಟಿದ್ದ,” ಎಂದಳು ದಿವ್ಯ.

“ಈಗ ಮೇವು ಯಾರು ಹಾಕ್ತವ್ರೆ?”

“ಆರಿಸಿಟ್ರೆ ಅದಕ್ಕೆ ಹಸಿವಾಗಲ್ಲಪ್ಪ. ಎಲ್ಲಿತ್ತೋ ಅಲ್ಲೇ ನಿಂತಿರುತ್ತೆ.”

ಆ ಮಾತು ಅವನಿಗೆ ಸರಿಬರಲಿಲ್ಲ. ಮಗ ಬೇಲಿಯೊಳಗೆ ಕೂಡಿಹಾಕಿ ಹೋದ ಪ್ರಾಣಿ ಉಪವಾಸ ಬೀಳಬಾರದು. “ಅವನಿಗೆ ಅಂತ ನಾನು ಮಾಡೋದು ಇನ್ನೇನವ್ವ ಉಳಿದದೆ? ಕಲಿಸಿಕೊಡು,” ಎಂದ. ಹಾಕುವುದು, ಮೇವು ತುಂಬುವುದು, ಆರಿಸುವುದು, ಇಷ್ಟನ್ನು ದಿವ್ಯ ಕಲಿಸಿದಳು. ಅಲ್ಲಿಂದ ದಿನವೂ ಮುಖ ತೊಳೆದು ಆ ಕೋಣೆಗೇ ಹೋಗುತ್ತಿದ್ದ.

ಒಂದು ದಿನ ಕೊಂಬಣ್ಣನ ಕೊಂಬುಗಳು ಕಳಚಿ ನೆಲಕ್ಕೆ ಬಿದ್ದವು. ತಾನೇ ಏನೋ ಒತ್ತಿ ಮುರಿದೆನೆಂದು ಮುನಿವೆಂಕಟಪ್ಪ ಬೆವೆತುಹೋದ. ಜನ್ಮದಲ್ಲಿ ಒಂದು ಕೊಂಬು ಸೀಳದ ಮನುಷ್ಯ! ಜಿಂಕೆ ಜಾತಿಗೆ ವರ್ಷಕ್ಕೊಮ್ಮೆ ಉದುರಿ ಹೊಸದು ಬರುತ್ತದೆಂದು ಹೇಳುತ್ತಾ ದಿವ್ಯ ಹೊಟ್ಟೆ ಹಿಡಿದು ನಕ್ಕಳು. ಆ ಮನೆಯಲ್ಲಿ ಯಾರಾದರೂ ನಕ್ಕು ನಾಲ್ಕು ತಿಂಗಳಾಗಿತ್ತು.

ಸಂಕ್ರಾಂತಿ ಬಂತು. ಸಾವಾದ ವರ್ಷ, ಮನೆಯಲ್ಲಿ ಹಬ್ಬವಿಲ್ಲ. ಆದರೆ ಸೂತಕ ಮನುಷ್ಯರಿಗೆ, ದನಕ್ಕಲ್ಲವಲ್ಲ. ಆ ದಿನ ದನವನ್ನು ಕಟ್ಟಿಹಾಕುವುದು ಅವರ ಮನೆತನದಲ್ಲಿ ಮಹಾಪಾಪ. ಹಗ್ಗ ಬಿಚ್ಚಿ ಮೇಯಲು ಬಿಡಬೇಕು, ಸಂಜೆ ಕಿಚ್ಚು ಹಾಯಿಸಿದ ಮೇಲೆಯೇ ಮತ್ತೆ ಗೂಟ. ಎಷ್ಟೋ ವರ್ಷಗಳ ಮೇಲೆ ಅವನ ಪಾಲಿಗೆ ಬಿಚ್ಚುವುದಕ್ಕೊಂದು ಜೀವವಿತ್ತು. ದಿವ್ಯ ಕೆಲಸಕ್ಕೆ ಹೋಗಿದ್ದಳು. ಅವನು ತಡಕಾಡಿ ತಡಕಾಡಿ ಬೇಲಿಯ ಬಾಗಿಲಿನ ಚಿತ್ರ ಹುಡುಕಿ ಒತ್ತಿದ. ಬಾಗಿಲು ತೆರೆಯಿತು. ಕೊಂಬಣ್ಣ ತಲೆಯೆತ್ತಿ ನೋಡಿ, ಹೊರಗೆ ಬಂದು, ಗುಡ್ಡದ ಕಡೆ ನಡೆಯಿತು.

ಕಂಪ್ಯೂಟರ್ ಆರಿಸಿದರೆ ಅದು ನಿಂತಲ್ಲೇ ನಿಂತುಬಿಡುತ್ತದಲ್ಲ! ಹಾಗೆಯೇ ಉರಿಯಲು ಬಿಟ್ಟು, ಊರಲ್ಲಿ ಇನ್ನೂ ಎತ್ತು ಉಳಿಸಿಕೊಂಡಿದ್ದ ಅಪ್ಪಯ್ಯಣ್ಣನ ಮನೆಯ ಜೋಡಿಗೆ ಕೊಂಬು ಹೆರೆಯಲು ಹೋದ. ಆರು ತಿಂಗಳಲ್ಲಿ ಅವನ ಮನಸ್ಸು ಹಗುರಾದದ್ದು ಆ ಒಂದು ಹಗಲು ಮಾತ್ರ. ನಮ್ಮ ಒಂದು ಗಂಟೆಗೆ ಆಟದೊಳಗೆ ತಿಂಗಳುಗಳೇ ಉರುಳುತ್ತವೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಸಂಜೆ ಬಂದು ನೋಡಿದರೆ ಪರದೆಯ ಮೇಲೆ ಕೆಂಪು ಅಕ್ಷರಗಳು. ಗುಡ್ಡದ ಬುಡದಲ್ಲಿ ಕೊಂಬಣ್ಣ ಕಾಲು ಚಾಚಿ ಅಡ್ಡಬಿದ್ದಿತ್ತು. ಸತ್ತ ದನ ಗುರುತಿಸುವುದಕ್ಕೆ ಅವನಿಗೆ ಇಂಗ್ಲಿಷ್ ಬೇಕಿರಲಿಲ್ಲ.

ಕೆಲಸದಿಂದ ಬಂದ ದಿವ್ಯ ಓದಿದಳು. “ಬೇಲಿ ಆಚೆ ಮೇವು ನೀರು ಇರಲಿಲ್ಲಪ್ಪ.”

“ಬಾಗಿಲು ತೆಗೆದು ಕಳಿಸ್ದೋನು ನಾನೇ,” ಎಂದ ಮುನಿವೆಂಕಟಪ್ಪ. ಟವೆಲಿನ ತುದಿಯಿಂದ ಕಣ್ಣೊರೆಸಿಕೊಂಡ.

“ಅಯ್ಯೋ, ಅದಕ್ಯಾಕೆ ಅಳ್ತೀಯ? ಹಳೇದೆಲ್ಲ ಉಳಿದಿರುತ್ತೆ ಕಣಪ್ಪ. ಅಣ್ಣ ಕೊನೇ ಸಲ ಆಡಿದ ಹೊತ್ತಿಗೇ ವಾಪಸ್ ಹೋಗ್ಬಹುದು, ಇರು.” ಅವಳು ಏನೇನೋ ಒತ್ತಿದಳು. ಬೇಲಿ, ಮುಚ್ಚಿದ ಬಾಗಿಲು, ತುಂಬಿದ ಮೇವು, ಕೊಂಬಣ್ಣ, ಎಲ್ಲ ಬಂದು ನಿಂತವು.

ಅವನು ಪರದೆಯ ಹತ್ತಿರಕ್ಕೆ ಬಗ್ಗಿದ. “ಇದು ಯಾವಾಗಿಂದು?”

“ಅದೇ ದಿನದ್ದು. ಬೆಳಗ್ಗೆ ಐದೂಕಾಲು.”

“ಮೈ ಸುಡ್ತದೆ, ಇವತ್ತು ರಜಾ ಹಾಕ್ತೀನಿ ಅಂದ ಕಣವ್ವ ಅವತ್ತು,” ಎಂದ ಮುನಿವೆಂಕಟಪ್ಪ. “ಆಟ ಆಡಕ್ಕೆ ನೆವ ಹೇಳ್ತೀಯೇನ್ಲಾ ಅಂತ ಬೈದು ಈ ಕುರ್ಚಿಯಿಂದ ಎಬ್ಬಿಸ್ದೆ. ಹಣೆ ಮುಟ್ಟಿ ನೋಡ್ಲಿಲ್ಲ. ಗಾಡಿ ಕೀನೂ ನಾನೇ ಕೈಗಿಟ್ಟೆ.” ಆರು ತಿಂಗಳು ಯಾರಿಗೂ ಹೇಳದ ಮಾತು. ಆಮೇಲೆ ಅವನು ಪರದೆಗೆ ಬೆರಳಿಟ್ಟು, ಮಗುವಿನ ಹಾಗೆ ಕೇಳಿದ: “ಐದೂಕಾಲಿಗೆ ಹೋಗಕಾಯ್ತದೆ ಅಂದ್ಯಲ್ಲ, ನಾವೂ ಹೋಗಕಾಯ್ತದಾ?”

ದಿವ್ಯ ಅಪ್ಪನ ಬೆರಳನ್ನು ಮೆಲ್ಲಗೆ ತೆಗೆದು ತನ್ನ ಕೈಯಲ್ಲಿ ಹಿಡಿದುಕೊಂಡಳು. ಪರದೆಯ ಮೇಲೆ ಕೊಂಬಣ್ಣ, ರವಿಚಂದ್ರ ಹಾಕಿದ್ದ ಮೇವನ್ನು ತಿನ್ನುತ್ತಿತ್ತು.