ಶಾಂತವ್ವ ಕಾಕುವಿನ ಕೆಂಪು ಬಕೆಟ್ಟು

ನನ್ನ ಮಗಳ ಹುಟ್ಟುಹಬ್ಬದ ಯಾವ ಫೋಟೋ ತೆಗೆದರೂ ಅದರಲ್ಲಿ ಮಗಳಿರುತ್ತಾಳೆ, ಕೇಕ್ ಇರುತ್ತದೆ, ಹಿಂದೆ ಒಂದು ಕೆಂಪು ಬಕೆಟ್ಟು ಇರುತ್ತದೆ. ಬಕೆಟ್ಟು ಹಿಡಿದು ನಿಂತವರು ಶಾಂತವ್ವ ಕಾಕು, ಕುರ್ಲಾದ ನಮ್ಮ ಚಾಳಿನಲ್ಲಿ ಪಕ್ಕದ ಖೋಲಿಯವರು. ನಾವೆಲ್ಲ ಚಪ್ಪಾಳೆ ತಟ್ಟುವಾಗಲೂ ಅವರ ಕಣ್ಣು ಮೇಣದಬತ್ತಿಯ ಮೇಲೆಯೇ. ಬತ್ತಿ ಆರಿತೋ, ಬಕೆಟ್ಟು ಕೆಳಗಿಟ್ಟು, "ಹೂಂ, ಈಗ ಕೊಡ್ರಿ ಕೇಕು" ಅನ್ನುವರು.

ನಮ್ಮ ಚಾಳಿಗೆ ನೀರು ಬರುವುದು ಬೆಳಿಗ್ಗೆ ಸ್ವಲ್ಪ ಹೊತ್ತು. ಬಂತೆಂದರೆ ಅದೇ ಆ ದಿನದ ದೇವರ ದಯೆ. ಅಂಥದರಲ್ಲಿ ಒಂದು ತುಂಬಿದ ಬಕೆಟ್ಟನ್ನು ಸುಮ್ಮನೆ ಬಾಗಿಲಲ್ಲಿ ಇಡುವುದೆಂದರೆ! "ಕಾಕು, ಅಷ್ಟು ಕೊಡ್ರಿ, ಎರಡು ಸೀರಿ ಹಿಂಡ್ಕೋತೀನಿ" ಎಂದು ಕೇಳಿದರೆ, "ಅದು ನಂದಲ್ಲವಾ, ಬೆಂಕೀದು" ಎನ್ನುತ್ತಿದ್ದರು.

ಚಳಿಗಾಲದಲ್ಲಿ ಬಯಲಲ್ಲಿ ಕಸ ಸುಡಬಾರದು ಎಂದು ಗಲ್ಲಿಯ ಬಾಯಲ್ಲಿ ನೋಟೀಸು ಅಂಟಿಸಿ ಹೋಗುತ್ತಾರೆ. ಅದರ ಕೆಳಗೇ ನಮ್ಮ ರಿಕ್ಷಾ ಯೂಸುಫ್ ಒಂದು ಬೆಳಿಗ್ಗೆ ಹಳೇ ಟಾಯರ್ ಹಚ್ಚಿಕೊಂಡು ಕೈ ಕಾಯಿಸುತ್ತ ಕೂತಿದ್ದ. ಕಾಕು ಹೋದವರೇ ಬಕೆಟ್ಟು ಬೋರಲು ಹಾಕಿದರು.

"ಅಯ್ಯೋ ಕಾಕು, ಥಂಡಿ ಐತ್ರೀ!"

"ಥಂಡಿ ಐತಂತ ಊರಿಗೆಲ್ಲ ಹೊಗಿ ಕುಡಿಸ್ತೀಯೇನು? ರಿಕ್ಷಾದ ಹೊಟ್ಟ್ಯಾಗ ಗ್ಯಾಸ್ ಇಟ್ಕೊಂಡು ಬಾಜೂಕ ಬೆಂಕಿ ಹಚ್ಚೀದಿ. ನಿನ್ನ ಲಗ್ನಾ ಮಾಡಿಸಿದಾಕಿ ನಾನು, ನಿನ್ನ ಹೆಂಡ್ತಿಗೆ ಮತ್ತೊಂದು ಗಂಡು ಹುಡುಕೋ ಶಕ್ತಿ ನನಗಿಲ್ಲ."

ಬೈದು ಒಳಗೆ ಬಂದು, ಶುಂಠಿ ಕುಟ್ಟಿ ಚಹಾ ಮಾಡಿ, ತಮ್ಮದೇ ಶಾಲಿನ ಜೊತೆ ಅವನಿಗೆ ಕಳಿಸಿದರು. ಆ ಶಾಲು ಅವನು ಇವತ್ತಿಗೂ ತಿರುಗಿ ಕೊಟ್ಟಿಲ್ಲ.

ಕಾಕುವಿಗೂ ನಮ್ಮ ಅತ್ತೆಗೂ ಜಗಳ ಹತ್ತಿದ್ದು ಹೋಳಿಯಲ್ಲಿ. ನಮ್ಮ ಕಡೆ ಕಾಮಣ್ಣನ ಬೆಂಕಿ ಮನೆಗೆ ತಂದು, ಅದರಿಂದ ಒಲೆ ಹೊತ್ತಿಸಿ ಕಡಲೆ ಹುರಿಯಬೇಕು. ಅತ್ತೆ ಬಾಗಲಕೋಟೆ ಬಿಟ್ಟು ಬಂದ ಮೇಲೂ ಒಂದು ವರ್ಷವೂ ತಪ್ಪಿಸಿದವರಲ್ಲ. ಆದರೆ ಅದರ ಹಿಂದಿನ ಹೋಳಿಯಲ್ಲಿ ಯಾರೋ ಉರಿಯುವ ಕೊಳ್ಳಿ ಒಯ್ಯುವಾಗ ಮೂಲೆಮನೆಯ ಮಾಡಿಗೆ ಹೊದಿಸಿದ ಪ್ಲಾಸ್ಟಿಕ್ ತಾಡಪತ್ರಿ ಹೊತ್ತಿಕೊಂಡು, ಕಾಕುವಿನ ಬಕೆಟ್ಟಿನಿಂದ ಆರಿತ್ತು. ಒಳಗೆ ಬಾಣಂತಿ ಕೂಸಿನೊಂದಿಗೆ ಮಲಗಿದ್ದಳು. ದೇವರು ದೊಡ್ಡವನು, ಮಾಡಿಗೇ ಮುಗಿಯಿತು. ಈ ಸಲ ಕಾಕು ಎಲ್ಲರನ್ನೂ ಒಪ್ಪಿಸಿಬಿಟ್ಟರು: ನೀರಿನ ಟಾಕಿಯ ಹತ್ತಿರ ಸಣ್ಣ ಬೆಂಕಿ, ಪೂಜೆ ಮುಗಿದ ಕೂಡಲೇ ನೀರು, ಕೊಳ್ಳಿ ಯಾರೂ ಗಲ್ಲಿಯೊಳಗೆ ತರುವಂತಿಲ್ಲ.

"ಶಾಂತವ್ವ ದೇವರ ಮ್ಯಾಲೂ ನೀರು ಸುರೂತಾಳ" ಎಂದರು ಅತ್ತೆ. "ಕಾಮಣ್ಣನ ಬೆಂಕಿ ಬರಲಿಲ್ಲಂದ್ರ ನಾ ಕಡ್ಲಿ ಹುರಿಯಂಗಿಲ್ಲ, ಹೋಳಿಗಿ ಮುಟ್ಟಂಗಿಲ್ಲ."

"ಕಾಮಣ್ಣ ಒಮ್ಮೆ ಸುಟ್ಟು ಬೂದಿ ಆಗ್ಯಾನ, ಸಾಕು. ಆ ಕೂಸು ಸುಡೂದು ಬ್ಯಾಡ" ಎಂದರು ಗೋಡೆಯಾಚೆಯಿಂದ ಕಾಕು. ನಮ್ಮ ಗೋಡೆಗೆ ಕಿವಿ ಬಹಳ.

ನಾನು ನಡುವೆ ಹೂರಣ ರುಬ್ಬುತ್ತ ಕೂತೆ. ಕಾಕು ಹೇಳುವುದು ಖರೆ. ಆದರೆ ಹಬ್ಬದ ದಿನ ಹಿರಿಯರು ಉಪವಾಸ ಕೂತರೆ ನನ್ನ ಗಂಟಲಲ್ಲಿ ಹೋಳಿಗೆ ಹೇಗೆ ಇಳಿಯಬೇಕು?

ಸಂಜೆ ಕಾಮಣ್ಣನಿಗೆ ಬೆಂಕಿ ಬಿತ್ತು. ಗಂಡಸರು ಬಾಯಿ ಬಡಿದುಕೊಂಡು ಲಬೋ ಲಬೋ ಎಂದರು, ಹೆಂಗಸರು ಕಾಯಿ ಒಡೆದೆವು. ಅತ್ತೆ ಮಾತ್ರ ಮುಖ ತಿರುವಿ ನಿಂತಿದ್ದರು. ಆಗ ಕಾಕು ಸೆರಗಿನ ಮರೆಯಿಂದ ಒಂದು ಹಳೇ ಕಂದೀಲು ತೆಗೆದರು. ಊದಿನಕಡ್ಡಿಗೆ ಕಾಮಣ್ಣನ ಬೆಂಕಿ ತಗುಲಿಸಿ, ಅದರಿಂದ ಬತ್ತಿ ಹೊತ್ತಿಸಿ, ಗಾಜು ಇಳಿಸಿದರು.

"ಹೂಂ, ಈಗ ಸುರೂರಿ ನೀರು!"

ಸುರಿದು, ಕೋಲಿನಿಂದ ಕೆದಕಿ, ಮತ್ತೆ ಸುರಿದು, ಕೊನೆಗೆ ಬೂದಿಯ ಹತ್ತಿರ ಅಂಗೈ ಹಿಡಿದು ನೋಡಿ, ಆಮೇಲೆ ಬೂದಿಯ ಮೇಲೇ ಕೈಯಿಟ್ಟರು. ತಣ್ಣಗಿದೆಯೆಂದು ಖಾತ್ರಿಯಾದ ಮೇಲೆ ಎಡಗೈಯಲ್ಲಿ ಕಂದೀಲು, ಬಲಗೈಯಲ್ಲಿ ಬಕೆಟ್ಟು ಹಿಡಿದು ಮನೆಮನೆಗೆ ಹೊರಟರು. ಮೊದಲು ಬಂದದ್ದು ನಮ್ಮಲ್ಲಿಗೆ.

"ಅಕ್ಕಾರ, ಗಾಜಿನೊಳಗ ಕುಂತಾನ ನಿಮ್ಮ ಕಾಮಣ್ಣ. ಒಲಿ ಹಚ್ಚಿಕೋರಿ."

ಅತ್ತೆ ಕಂದೀಲಿನ ಗಾಜು ಎತ್ತಿ ಊದಿನಕಡ್ಡಿ ಹಚ್ಚಿ ಗ್ಯಾಸ್ ಹೊತ್ತಿಸಿದರು. ಹುರಿದ ಕಡಲೆಯ ಮೊದಲ ಹಿಡಿ ದೇವರಿಗೆ, ಎರಡನೆಯದು ಕಾಕುವಿಗೆ. ಕಾಕು ಜಗಿದು, "ಉಪ್ಪು ಕಮ್ಮಿ ಆಗೇತಿ" ಎಂದರು. ಅಲ್ಲಿಗೆ ರಾಜಿಯಾಯಿತೆಂದು ನನಗೆ ತಿಳಿಯಿತು.

ಈಗ ಕಾಕು ದಹಿಸರ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಮೊಣಕಾಲು ಕೇಳುವುದಿಲ್ಲ. ಹೊರಟ ದಿನ ಕಂದೀಲು ಅತ್ತೆಯ ಕೈಗಿಟ್ಟರು. ಬಕೆಟ್ಟು ಮಾತ್ರ ಯೂಸುಫ್‌ನ ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತರು. "ಅಲ್ಲೂ ಬೆಂಕಿ ಇರತೈತಲ್ಲ?"

ಈ ವರ್ಷದ ಹೋಳಿಯಲ್ಲಿ ಕಂದೀಲು ನಾನೇ ಹಚ್ಚಿದೆ, ನೀರೂ ಸುರಿದೆ. ಮನೆಗೆ ಬಂದು ಕಡಲೆ ಬಾಣಲೆಗೆ ಹಾಕುವಷ್ಟರಲ್ಲಿ ಫೋನು.

"ಕೈ ಇಟ್ಟು ನೋಡೀಯೇನವಾ?"

ಕೈ ಇಟ್ಟಿರಲಿಲ್ಲ. ಸೌಟು ಕೆಳಗಿಟ್ಟೆ.

"ಒಲಿ ಆರಿಸಿ ಹೋಗಿ ನೋಡು. ನಾ ಫೋನ್ ಹಿಡ್ಕೊಂಡಿರತೀನಿ."

ಹೋದೆ. ಅಂಗೈ ಹಿಡಿದರೆ ನಡುವೆ ಇನ್ನೂ ಬಿಸಿ. ಕೋಲಿನಿಂದ ಕೆದಕಿದೆ. ಒಂದು ಕೆಂಡ ಕಣ್ಣು ಬಿಟ್ಟಿತು. ಮನೆಯಿಂದ ಒಂದು ಬಕೆಟ್ಟು ನೀರು ತಂದು ಸುರಿಯುವಾಗ ಫೋನನ್ನು ಬೂದಿಯ ಕಡೆ ಹಿಡಿದೆ. ಛುಸ್ಸ್ ಎಂದಿತು.

"ಹಾಂ, ಕೇಳಿಸ್ತು" ಎಂದರು ಕಾಕು. "ಇನ್ನ ಹೋಗಿ ಕಡ್ಲಿ ಹುರಿ. ಉಪ್ಪು ನೋಡಿ ಹಾಕು."