ಏಳನೆಯವನು ಬಿದ್ದದ್ದು

ಟೌನೊ ಪೆಲ್ಕೋನೆನ್ ಬಗ್ಗೆ ನಮ್ಮ ತಾಮ್ರದ ಗಣಿಯ ಸೀಮೆಯಲ್ಲಿ ಎರಡು ಬಗೆಯ ಮಾತಿದೆ. ಕೈಗೆ ಬಂದ ಟ್ರೋಫಿಯನ್ನು ಬಾಯಿಬಿಟ್ಟು ಕಳೆದ ಪೆದ್ದ ಎಂದು ಬಿಯರ್ ಅಂಗಡಿಯಲ್ಲಿ ಕೂರುವವರು ಹೇಳುತ್ತಾರೆ. ಸತ್ಯ ನುಡಿದ ಪುಣ್ಯಾತ್ಮ ಎಂದು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಗೆ ನಿಲ್ಲುವವರು ಹೇಳುತ್ತಾರೆ. ಈ ಎರಡೂ ಗುಂಪಿನಲ್ಲಿ ಒಬ್ಬರಾದರೂ ಆ ಓಟದ ದಿನ ಅಲ್ಲಿದ್ದವರಲ್ಲ. ಹೇಳುವವರ ಬಾಯಿ ಕಟ್ಟುವವರು ಯಾರು? ಟೌನೊ ಮಾತ್ರ ಹೈಸ್ಕೂಲನ್ನು ಬೆಚ್ಚಗಿಡುವ ಬಾಯ್ಲರ್ ನೋಡಿಕೊಂಡು, ಶನಿವಾರ ಸಂಜೆ ಹಬೆಸ್ನಾನದ ಸೌನಾ ಕೋಣೆ ಕಾಯಿಸಿಕೊಂಡು ತನ್ನ ಪಾಡಿಗೆ ತಾನಿದ್ದಾನೆ. ಸೌನಾದಲ್ಲಿ ಪಕ್ಕ ಕೂತವರು ಆ ಓಟದ ಮಾತೆತ್ತಿದರೆ ಕಾದ ಕಲ್ಲಿನ ಮೇಲೆ ಇನ್ನೆರಡು ಸೌಟು ನೀರು ಸುರಿಯುತ್ತಾನೆ. ಆ ಹಬೆಗೆ ಮಾತೆತ್ತಿದವನೇ ಎದ್ದು ಹಿಮಕ್ಕೆ ಓಡಬೇಕು.

ಅದು ಎಪ್ಪತ್ತೆಂಟನೆಯ ಇಸವಿ. ಟೌನೊ ಟಾರ್ಚ್ ಲೇಕ್ ಕಾಲೇಜಿನ ಕೊನೆಯ ವರ್ಷದಲ್ಲಿದ್ದ. ಗಣಿ ಮುಚ್ಚಿದ ಮೇಲೆ ಅವನಪ್ಪ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದ. ಮಗ ಮನೆಯಿಂದಲೇ ಕಾಲೇಜಿಗೆ ಹೋಗುತ್ತಿದ್ದ, ಹೆಚ್ಚಿನ ದಿನ ಓಡಿಕೊಂಡೇ. ಓಟ ಅವನಿಗೆ ಒಲಿದಿತ್ತು ಎನ್ನುವ ಹಾಗಿಲ್ಲ, ಅವನೇ ಅದರ ಬೆನ್ನು ಬಿದ್ದಿದ್ದ. ನಾಲ್ಕು ವರ್ಷವೂ ತಂಡದಲ್ಲಿ ಏಳನೆಯವನು, ಅಂದರೆ ಕೊನೆಯವನು.

ಬಯಲಿನ ಓಟದ ಲೆಕ್ಕ ಹೀಗೆ: ತಂಡಕ್ಕೆ ಏಳು ಜನ, ಮೊದಲು ಗುರಿ ಮುಟ್ಟಿದ ಐವರ ಸ್ಥಾನಗಳನ್ನು ಕೂಡುತ್ತಾರೆ, ಮೊತ್ತ ಕಡಿಮೆ ಇದ್ದವರು ಗೆದ್ದರು. ಆರನೆಯವನೂ ಏಳನೆಯವನೂ ಲೆಕ್ಕಕ್ಕಿಲ್ಲ. ಆದರೆ ಅವರು ಎದುರಾಳಿ ತಂಡದವನೊಬ್ಬನನ್ನು ಹಿಂದೆ ಹಾಕಿದರೆ ಅವನ ಸ್ಥಾನ ಒಂದು ಕೆಳಗಿಳಿದು ಎದುರಾಳಿಯ ಮೊತ್ತ ಒಂದು ಏರುತ್ತದೆ, ಅಷ್ಟೇ ಲಾಭ. ಇನ್ನೊಬ್ಬರ ದಾರಿಗೆ ಅಡ್ಡ ಕೂರುವುದೇ ಏಳನೆಯವನ ಉದ್ಯೋಗ. ಟೌನೊ ಅದನ್ನು ಮರ್ಯಾದೆಯಿಂದಲೇ ಮಾಡುತ್ತಿದ್ದ.

ಆ ವರ್ಷದ ಚಾಂಪಿಯನ್‌ಶಿಪ್ ನವೆಂಬರಿನ ಮೊದಲ ವಾರ, ಸುಪೀರಿಯರ್ ಸರೋವರದ ದಡದ ಗಾಲ್ಫ್ ಮೈದಾನದಲ್ಲಿ. ನೀರಿನ ಕಡೆಯಿಂದ ಬೀಸುವ ಗಾಳಿಯಲ್ಲಿ ಹಿಮದ ಹರಳು ಸೇರಿ ಕೆನ್ನೆಗೆ ಚುಚ್ಚುತ್ತಿತ್ತು. ನೆಲ ಮೇಲೆ ಗಟ್ಟಿ, ಕಾಲಿಟ್ಟರೆ ಕೆಸರು. ಟಾರ್ಚ್ ಲೇಕ್‌ನವರು ಮೂರು ವರ್ಷದಿಂದ ಹಾಲ್ವರ್ಸನ್ ಕಾಲೇಜಿನ ಬೆನ್ನಿಗೇ ಎರಡನೆಯವರಾಗಿ ಬಂದು ಬೇಸತ್ತಿದ್ದರು. ಈ ಸಲ ಟಾರ್ಚ್ ಲೇಕ್ ತಂಡದಲ್ಲಿ ರಾಯ್ಸ್ ಟ್ರೆಂಬಾತ್ ಇದ್ದ. ಉದ್ದ ಕಾಲಿನ, ಮಾತು ಕಡಿಮೆಯ ಹುಡುಗ, ಇಡೀ ಪ್ರಾಂತದಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ರಾಯ್ಸ್ ಮೊದಲು ಬಂದು, ಉಳಿದವರು ತಮ್ಮ ತಮ್ಮ ಜಾಗ ಬಿಡದಿದ್ದರೆ ಟ್ರೋಫಿ ನಮ್ಮದೇ ಎಂದು ಅವರ ಕೋಚ್ ಸೋರ್ವಾಲಾ ಬಸ್ಸಿನಲ್ಲಿ ಹೇಳಿದ್ದರು. ಹೇಳುವಾಗ ಅವರ ದನಿ ಒಡೆದಿತ್ತು. ಆ ಮನುಷ್ಯ ಅಷ್ಟು ಆಸೆಪಟ್ಟಿದ್ದನ್ನು ಹುಡುಗರು ಯಾವತ್ತೂ ಕಂಡಿರಲಿಲ್ಲ.

ಹತ್ತು ಕಾಲೇಜಿನವರು ಅಗಲಕ್ಕೆ ಸಾಲಾಗಿ ನಿಂತರು. ಪಿಸ್ತೂಲು ಸಿಡಿಯಿತು, ಎಪ್ಪತ್ತು ಜನ ಒಟ್ಟಿಗೆ ನುಗ್ಗಿದರು.

ಇಪ್ಪತ್ತು ಹೆಜ್ಜೆಯೂ ಆಗಿರಲಿಲ್ಲ. ಮುಂದಿದ್ದ ರಾಯ್ಸ್‌ನ ಹಿಮ್ಮಡಿಯನ್ನು ಯಾರೋ ತುಳಿದರು, ಅವನ ಎಡಗಾಲಿನ ಶೂ ಕಳಚಿ ಕೆಸರಿಗೆ ಬಿತ್ತು. ಹಿಂದಿದ್ದ ಟೌನೊ ಅದನ್ನು ಕಣ್ಣಾರೆ ಕಂಡ. ಇನ್ನು ಐದು ಮೈಲಿ. ಹೆಪ್ಪುಗಟ್ಟಿದ ನೆಲ. ಎಲ್ಲ ಮುಗಿಯಿತು ಎಂದುಕೊಂಡ.

ಮೊದಲ ನೂರು ಗಜದೊಳಗೆ ಯಾರಾದರೂ ತಳ್ಳಾಟದಲ್ಲಿ ಬಿದ್ದರೆ ಎರಡನೆಯ ಗುಂಡು ಹಾರಿಸಿ ಓಟವನ್ನು ವಾಪಸು ಕರೆಯುವುದು ಪದ್ಧತಿ. ತಾನಾಗಿ ಎಡವಿದರೆ ಕರೆಯುವುದಿಲ್ಲ. ನೂರು ಗಜದ ಗುರುತಿಗೆ ನೆಟ್ಟ ಕೆಂಪು ಬಾವುಟ ಎದುರಿಗೇ ಕಾಣುತ್ತಿತ್ತು, ಪ್ರತಿ ಹೆಜ್ಜೆಗೂ ಹತ್ತಿರವಾಗುತ್ತಿತ್ತು. ಟೌನೊ ಯೋಚಿಸಲಿಲ್ಲ. ಪಕ್ಕದಲ್ಲಿ ಓಡುತ್ತಿದ್ದವನ ಕಡೆಗೆ ವಾಲಿ, ಭುಜ ತಾಗಿಸಿ, ತಳ್ಳಿಸಿಕೊಂಡವನ ಹಾಗೆ ಮುಗ್ಗರಿಸಿ ನೆಲಕ್ಕುರುಳಿದ.

ಓಡುವವರ ಶೂಗಳ ತಳದಲ್ಲಿ ಮೊಳೆಗಳಿರುತ್ತವೆ. ತಲೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಬಿದ್ದಿದ್ದ ಟೌನೊನ ಮೀನಖಂಡವನ್ನು ಒಬ್ಬ ತುಳಿದ, ಬೆನ್ನನ್ನು ಇನ್ನೊಬ್ಬ. ಗುಂಡಿನ ಸದ್ದಿಲ್ಲ. ಹೆಜ್ಜೆಗಳು ದೂರವಾಗುತ್ತಿವೆ, ಆದರೂ ಗುಂಡಿನ ಸದ್ದಿಲ್ಲ. ಮಣ್ಣು ಹೊಕ್ಕ ಬಾಯಲ್ಲಿ ಅವನು, ಸುಮ್ಮನೆ ಬಿದ್ದೆನಲ್ಲ, ಸುಮ್ಮನೆ ಬಿದ್ದೆನಲ್ಲ ಎಂದುಕೊಳ್ಳುತ್ತಿದ್ದ. ಆಗ ಪಿಸ್ತೂಲು ಮತ್ತೆ ಸಿಡಿಯಿತು.

ಮೊದಲು ತಿರುಗಿ ಬಂದವನು ಪಕ್ಕದಲ್ಲಿ ಓಡುತ್ತಿದ್ದ ಆ ಹುಡುಗನೇ. ಹೆಸರು ಲೈಲ್ ಹೆಗ್‌ಸ್ಟಾಡ್, ಹಾಲ್ವರ್ಸನ್ ತಂಡದ ಐದನೆಯವನು. ಟೌನೊನನ್ನು ಕೈಹಿಡಿದು ಎಬ್ಬಿಸಿದ, ಮೈಗೆ ಮೆತ್ತಿದ ಕೆಸರನ್ನು ತಾನೇ ಒರೆಸಿದ. ಅವನ ಮುಖ ಬಿಳುಚಿತ್ತು.

"ನನ್ನಿಂದ್ಲೇ ಆಗಿದ್ದು ಅನ್ಸುತ್ತೆ. ಮೊಣಕೈ ತಾಗ್ತು. ತಪ್ಪಾಯ್ತು ಮಾರಾಯಾ."

ಟೌನೊ ಅವನ ಮುಖ ನೋಡದೆ, "ಪರವಾಗಿಲ್ಲ ಬಿಡು," ಎಂದ.

ಬಿದ್ದಿದ್ದನ್ನಾದರೂ ಕ್ಷಮಿಸಬಹುದು, ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಆದದ್ದು. ಈ ಮಾತನ್ನು ಮಾತ್ರ ಟೌನೊ ನಿಂತು, ಉಸಿರೆಳೆದುಕೊಂಡು ಆಡಿದ್ದ. ತಪ್ಪು ಮಾಡದವನಿಂದ ಕ್ಷಮೆ ಕೇಳಿಸಿಕೊಂಡು ದೊಡ್ಡ ಮನಸ್ಸಿನಿಂದ ಕ್ಷಮಿಸಿಬಿಟ್ಟಿದ್ದ! ಅದರ ಉರಿ ಮೀನಖಂಡದ ಗಾಯಕ್ಕಿಂತ ಬೇಗ ಹತ್ತಿತು. ಆದರೂ ಬಾಯಿ ತೆರೆಯಲಿಲ್ಲ. ಆಚೆ ರಾಯ್ಸ್ ಶೂ ಹುಡುಕಿಕೊಂಡು ಹಾಕಿಕೊಳ್ಳುತ್ತಿದ್ದ, ಅದೊಂದು ನೆಮ್ಮದಿ.

ಅಷ್ಟರಲ್ಲಿ ರೆಫರಿ ಪಾಸ್ಕೊ ಬಂದರು. ನಿವೃತ್ತ ಹೆಡ್‌ಮಾಸ್ತರು, ನಿಯಮವೆಂದರೆ ನಿಯಮ ಎನ್ನುವ ಜಾತಿ. ಇಬ್ಬರ ಮೈ ತಾಗಿದ್ದನ್ನು ಪಿಸ್ತೂಲು ಹಿಡಿದವನು ಕಂಡಿದ್ದಾನೆ, ತಳ್ಳಿದ್ದು ಯಾರು ಎಂದು ಕೇಳಿದರು. ಯಾರೂ ಹೆಸರು ಹೇಳುವ ಮೊದಲೇ ಲೈಲ್ ಕೈಯೆತ್ತಿದ. ಪಾಸ್ಕೊ ಒಂದು ಗಳಿಗೆ ಅವನನ್ನೇ ನೋಡಿದರು. ಬೇಕೆಂದು ತಳ್ಳಿದೆಯಾ ಎಂದು ಕೇಳಿದರು, ಇಲ್ಲ ಸಾರ್ ಎಂದ. ಬೇಕೆಂದಾಗಲಿ ಬೇಡವೆಂದಾಗಲಿ, ಇನ್ನೊಬ್ಬನನ್ನು ಕೆಡವಿದವನು ಓಡುವ ಹಾಗಿಲ್ಲ ಎಂದು ಪಾಸ್ಕೊ ತೀರ್ಪು ಕೊಟ್ಟರು. ಹಾಲ್ವರ್ಸನ್ ಕೋಚ್ ಕೂಗಾಡಿದರು, ಹುಡುಗ ತಾನಾಗಿ ಒಪ್ಪಿಕೊಂಡಿದ್ದಕ್ಕೆ ಇದೇ ಬಹುಮಾನವೇ ಎಂದರು. ಪಾಸ್ಕೊ ಕಿವಿಗೆ ಹಾಕಿಕೊಳ್ಳಲಿಲ್ಲ.

"ನಂಬರ್ ಬಿಚ್ಚಪ್ಪಾ," ಎಂದರು ಲೈಲ್‌ಗೆ.

ನಂಬರನ್ನು ಎದೆಗೆ ನಾಲ್ಕು ಪಿನ್ನು ಹಾಕಿ ಸಿಕ್ಕಿಸಿರುತ್ತಾರೆ. ಲೈಲ್‌ನ ಬೆರಳು ಚಳಿಗೆ ಮರಗಟ್ಟಿದ್ದವು, ಮೊದಲ ಪಿನ್ನು ಬಿಚ್ಚಲು ಎರಡು ಸಲ ಸೋತ. ಆ ಹೊತ್ತಿಗೆ ಟೌನೊನ ಭುಜದ ಮೇಲೆ ಹಿಂದಿನಿಂದ ಒಂದು ಕೈ ಬಂತು. ಕೋಚ್ ಸೋರ್ವಾಲಾರ ಕೈ. ತಟ್ಟಲಿಲ್ಲ, ಸವರಲಿಲ್ಲ, ಒತ್ತಿ ಹಿಡಿಯಿತು ಅಷ್ಟೆ. ಕೋಚ್‌ಗೆ ಗೊತ್ತಾಗಿದೆ ಎಂದು ಟೌನೊಗೆ ಗೊತ್ತಾಯಿತು. ನಾಲ್ಕು ವರ್ಷ ಅವನು ಬೀಳುವುದನ್ನೂ ಏಳುವುದನ್ನೂ ನೋಡಿದವರು ಅವರು.

ಲೈಲ್ ಇಲ್ಲದಿದ್ದರೆ ಹಾಲ್ವರ್ಸನ್‌ನ ಆರನೆಯವನು ಲೆಕ್ಕಕ್ಕೆ ಬರುತ್ತಾನೆ, ಅವನು ತೀರ ಹಿಂದಿನವನು. ಸುಮ್ಮನಿದ್ದರೆ ಟ್ರೋಫಿ ಟಾರ್ಚ್ ಲೇಕ್ ಬಸ್ಸು ಹತ್ತಿದಂತೆಯೇ. ಬಾಯಿಬಿಟ್ಟರೆ ತಾನೊಬ್ಬನೇ ಹೋಗುವುದಿಲ್ಲ, ಮೋಸ ಮಾಡಿದ ತಂಡವೆಂದು ಏಳೂ ಜನರನ್ನು ಹೊರಗೆ ಹಾಕಿಯಾರು. ರಾಯ್ಸ್‌ನನ್ನೂ. ಯಾರನ್ನು ಉಳಿಸಲು ಬಿದ್ದನೋ ಅವನನ್ನೇ ಮುಳುಗಿಸಿದ ಹಾಗಾಗುತ್ತದೆ. ಎರಡನೆಯ ಪಿನ್ನು ಬಿಚ್ಚಿತು. ಮೂರನೆಯದೂ ಬಿಚ್ಚಿತು. ನಂಬರು ಒಂದು ಮೂಲೆಯಿಂದ ಗಾಳಿಗೆ ಪಟಪಟ ಬಡಿಯತೊಡಗಿತು. ಲೈಲ್ ಅಳುತ್ತಿರಲಿಲ್ಲ, ಅತ್ತಿದ್ದರೆ ಎಷ್ಟೋ ವಾಸಿಯಿತ್ತು. ಅವನು ತನ್ನ ತಂಡದವರ ಕಡೆ ತಿರುಗಿ ತಪ್ಪಾಯ್ತು, ತಪ್ಪಾಯ್ತು ಎಂದು ತುಟಿಯಲ್ಲೇ ಹೇಳುತ್ತಿದ್ದ. ಅವನು ಕೊನೆಯ ಪಿನ್ನನ್ನೂ ಬಿಚ್ಚಿ ನಂಬರನ್ನು ರೆಫರಿಯ ಕೈಗಿಟ್ಟ.

"ಅವನಲ್ಲ," ಎಂದ ಟೌನೊ.

ದನಿ ಗಾಳಿಗೆ ಹೋಯಿತು. ಪಾಸ್ಕೊ ತಿರುಗಿ ಏನೆಂದೆ ಎಂದರು.

"ಅವನು ತಳ್ಳಿಲ್ಲ ಸಾರ್. ನಾನೇ ಬಿದ್ದೆ. ಬೇಕಂತ್ಲೇ. ರಾಯ್ಸ್ ಶೂ ಹೋಯ್ತಲ್ಲ, ಅದಕ್ಕೆ."

ಭುಜದ ಮೇಲಿನ ಕೈ ಹೊರಟುಹೋಯಿತು.

ಪಾಸ್ಕೊ ಸೋರ್ವಾಲಾರನ್ನು ದುರುಗುಟ್ಟಿ ನೋಡಿ, ಇದು ನೀವು ಹೇಳಿಕೊಟ್ಟದ್ದೋ ಎಂದು ಕೇಳಿದರು. ಟೌನೊನೇ, ಅವರಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ ಎಂದ. ಹಾಲ್ವರ್ಸನ್ ಕೋಚ್ ಇಡೀ ಟಾರ್ಚ್ ಲೇಕ್ ತಂಡವನ್ನು ಹೊರಗೆ ಹಾಕಬೇಕೆಂದು ಹಟ ಹಿಡಿದರು. ಎಪ್ಪತ್ತು ಹುಡುಗರು ಬನಿಯನ್-ಚಡ್ಡಿಯಲ್ಲಿ ಗಡಗಡ ನಡುಗುತ್ತಾ ಕಾಯುತ್ತಿದ್ದರು. ಪಾಸ್ಕೊ ಪಿಸ್ತೂಲಿನವನನ್ನು ಪಕ್ಕಕ್ಕೆ ಕರೆದು ಮಾತಾಡಿದರು, ಒಬ್ಬರೇ ನಾಲ್ಕು ಹೆಜ್ಜೆ ಆಚೆ ಹೋಗಿ ಸರೋವರದ ಕಡೆ ಮುಖ ಮಾಡಿ ನಿಂತರು. ಟೌನೊ ರಾಯ್ಸ್‌ನ ಕಡೆ ನೋಡಲಾರದೆ ನೆಲ ನೋಡುತ್ತಿದ್ದ. ತಿರುಗಿ ಬಂದ ಪಾಸ್ಕೊ, ವಾಪಸು ಕರೆದ ಓಟ ಕರೆದಾಯಿತು, ಇವನೊಬ್ಬ ಹೊರಗೆ, ಟಾರ್ಚ್ ಲೇಕ್‌ನ ಉಳಿದ ಆರು ಜನ ಓಡಲಿ ಎಂದರು. ಲೈಲ್‌ನ ನಂಬರನ್ನು ಅವನಿಗೇ ವಾಪಸು ಕೊಟ್ಟರು.

ಟೌನೊ ತನ್ನ ನಂಬರು ಬಿಚ್ಚಿ ಕೊಡುವಾಗ ರಾಯ್ಸ್ ಪಕ್ಕಕ್ಕೆ ಬಂದ.

"ನಾನು ಓಡ್ತಾನೇ ಇದ್ನಲ್ಲೋ. ಬರಿಗಾಲಲ್ಲಾದ್ರೂ ಓಡ್ತಿದ್ದೆ. ಬೀಳು ಅಂತ ಯಾರ್ ಹೇಳಿದ್ರು ನಿಂಗೆ?"

ಟೌನೊಗೆ ರಾಯ್ಸ್ ಶೂ ಹೋದದ್ದು ಕಂಡಿತ್ತು, ಆಮೇಲೆ ಅವನ ಕಾಲು ನಿಂತಿತೋ ಇಲ್ಲವೋ ನೋಡಿರಲಿಲ್ಲ.

ಓಟ ಮತ್ತೆ ಶುರುವಾಯಿತು. ಟೌನೊ ಹಗ್ಗದ ಹಿಂದೆ ಜನರ ನಡುವೆ ಕುಂಟುತ್ತಾ ಒಂದು ಗುಡ್ಡದಿಂದ ಇನ್ನೊಂದಕ್ಕೆ ಹೋದ. ಕಾಲುಚೀಲಕ್ಕೆ ರಕ್ತ ಇಳಿದು ಹೆಪ್ಪುಗಟ್ಟಿತ್ತು. ರಾಯ್ಸ್ ಮುಂದಿದ್ದ, ಯಾರಿಗೂ ಸಿಗದಷ್ಟು ಮುಂದೆ. ಟೌನೊ ಅವನನ್ನು ನೋಡುವುದನ್ನು ಬಿಟ್ಟು ಹಿಂದಿನವರನ್ನು ಎಣಿಸಿದ. ಟಾರ್ಚ್ ಲೇಕ್‌ನ ಐದನೆಯವನ ಬೆನ್ನಿಗೆ ಲೈಲ್ ಅಂಟಿಕೊಂಡಿದ್ದ. ತಾನು ಓಡುವ ಜಾಗ ಅದೇ. ಎರಡು ವಾರದ ಹಿಂದೆ ಇದೇ ಲೈಲ್‌ನನ್ನು ಅವನು ಕೊನೆಯ ಏರಿನಲ್ಲಿ ಹಿಂದೆ ಹಾಕಿದ್ದ. ಈಗ ಆ ಏರಿನಲ್ಲಿ ಲೈಲ್‌ಗೆ ಅಡ್ಡ ಬರುವವರು ಯಾರೂ ಇರಲಿಲ್ಲ. ಲೈಲ್ ಹಲ್ಲು ಕಚ್ಚಿ, ಸಿಟ್ಟಿನಿಂದ ಓಡುತ್ತಾ, ಟಾರ್ಚ್ ಲೇಕ್‌ನವನನ್ನು ದಾಟಿ, ಹಾಗೆಯೇ ಹೋಗಿಬಿಟ್ಟ. ನಿಧಾನ ಮಾಡೋ ಎಂದು ಟೌನೊನ ಮನಸ್ಸು ಕೂಗುತ್ತಿತ್ತು. ಅದಕ್ಕೂ ಅವನಿಗೆ ನಾಚಿಕೆಯಾಯಿತು.

ಲೆಕ್ಕ ಮುಗಿಯಲು ಬಹಳ ಹೊತ್ತು ಹಿಡಿಯಿತು. ಗಾಲ್ಫ್ ಕ್ಲಬ್ಬಿನ ಒಳಗೆ ಕೂಡಿದರು, ಮತ್ತೆ ಕೂಡಿದರು. ಹೊರಗೆ ಯಾರೂ ಬಸ್ಸು ಹತ್ತಲಿಲ್ಲ. ಕೊನೆಗೆ ಪಾಸ್ಕೊ ಬಾಗಿಲಿಗೆ ಬಂದು ಓದಿದರು: ಮೊದಲು ಬಂದವನು ರಾಯ್ಸ್ ಟ್ರೆಂಬಾತ್. ತಂಡ ಹಾಲ್ವರ್ಸನ್. ಒಂದೇ ಒಂದು ಅಂಕದಿಂದ.

ಟೌನೊ ಓಡಿ ಲೈಲ್‌ಗಿಂತ ಮುಂದೆ ಬಂದಿದ್ದರೆ ಸಮವಾದರೂ ಆಗುತ್ತಿತ್ತು. ಸುಮ್ಮನಿದ್ದಿದ್ದರೆ ಗೆಲುವೇ. ಬೀಳದೆ ಇದ್ದಿದ್ದರೆ ಏನಾಗುತ್ತಿತ್ತೆಂದು ದೇವರಿಗೇ ಗೊತ್ತು. ಅವನ ತಂಡದ ಆರೂ ಜನ ಈ ಮೂರನ್ನೂ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದುದು ಮುಖದಲ್ಲಿ ಕಾಣುತ್ತಿತ್ತು.

ಅವನು ಮೈದಾನ ದಾಟಿ ಹಾಲ್ವರ್ಸನ್ ಹುಡುಗರ ಗುಂಪಿಗೆ ಹೋದ. ಅವರು ಹಾಡುವುದನ್ನು ನಿಲ್ಲಿಸಿದರು. ಲೈಲ್ ಎದ್ದು ಬಂದ. ಟೌನೊ ತಪ್ಪಾಯ್ತು ಎಂದು ಮಾತ್ರ ಹೇಳಿದ, ಇನ್ನೇನೂ ಸೇರಿಸಲಿಲ್ಲ. ಲೈಲ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನಾನು ನಾಲ್ಕೂ ಪಿನ್ನು ಬಿಚ್ಚುವವರೆಗೆ ನೀನು ನೋಡುತ್ತಾ ನಿಂತಿದ್ದೆ ಎಂದ. ಬೈಯಲಿಲ್ಲ, ಕೈ ಚಾಚಲೂ ಇಲ್ಲ. ತನ್ನವರ ಹತ್ತಿರ ಹೋಗಿ ಬೆನ್ನು ಹಾಕಿ ಕೂತ. ಒಂದೇಟು ಹೊಡೆದಿದ್ದರೆ ಟೌನೊ ಅದನ್ನು ಸಂತೋಷದಿಂದ ತಿನ್ನುತ್ತಿದ್ದ.

ಬಸ್ಸಿನಲ್ಲಿ ಎಲ್ಲರೂ ಆಗಲೇ ಕೂತಿದ್ದರು. ಒಬ್ಬರೂ ತಲೆಯೆತ್ತಲಿಲ್ಲ. ಮುಂದಿನ ಸಾಲಿನಲ್ಲಿ ಕೋಚ್ ಸೋರ್ವಾಲಾ ಪಕ್ಕದ ಸೀಟಿನ ಮೇಲಿದ್ದ ತಮ್ಮ ಚೀಲವನ್ನು ತೆಗೆದು ಕಾಲ ಬಳಿ ಇಟ್ಟುಕೊಂಡರು. ಟೌನೊ ಕೂತ. ಬಸ್ಸು ಸರೋವರದ ದಡ ಬಿಟ್ಟು ಕಾಡಿನ ರಸ್ತೆಗೆ ಹೊರಳಿತು.

"ನಿನ್ ಹೆಗಲ ಮೇಲೆ ಕೈ ಇಟ್ಟೋನು ನಾನು," ಎಂದರು ಕೋಚ್, ಹಿಂದಿನವರಿಗೆ ಕೇಳಿಸದ ಹಾಗೆ. "ಈ ಕೆಲಸಕ್ಕೆ ಬಂದು ಇಷ್ಟು ವರ್ಷ ಆಯ್ತು, ಇಂಥದ್ದು ಮಾಡಿರ್ಲಿಲ್ಲ. ನೀನು ಅದನ್ನೂ ಮೀರಿ ಮಾತಾಡ್ದೆ."

ಟೌನೊ ಕಿಟಕಿಯ ಕಡೆ ತಿರುಗಿದ್ದ.

"ನಿಮ್ ಕೈ ಇನ್ನೊಂಚೂರು ಒತ್ತಿದ್ರೆ ಸುಮ್ನಿದ್ಬಿಡ್ತಿದ್ದೆ ಕೋಚ್," ಎಂದ.